ತೆರೆಯಬಾರದ ಫೋಲ್ಡರ್

ಹೊಸ ಕಾರವಾರ
ಕಡಲೇರಿದ ಎಂಬತ್ತೆರಡನೇ ವರ್ಷ, ಹದಿಮೂರನೇ ತಿಂಗಳ ನಾಲ್ಕು

ಸರ್ವರ್‌ಗಳನ್ನು ಕಾಯುವ ಹಿಂದಿನ ಕಾಲದವರೇ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ಕೆಲವು ಮಾತುಗಳೂ ಅಪರಿಚಿತ ಎನಿಸಬಹುದು, ಮನ್ನಿಸಿ.

ನಾನು ಇಲ್ಲಿನ ದನಿಮನೆಯ ಕಾವಲುಗಾರ್ತಿ. ಸಾಯುವ ಮುನ್ನ ಜನ ತಮ್ಮವರಿಗಾಗಿ ಆಡಿಟ್ಟ ಮಾತುಗಳನ್ನು ಜೋಪಾನ ಮಾಡುವ ಸರ್ವರ್‌ಗೆ ನಾವು ಹಾಗೆನ್ನುತ್ತೇವೆ. ವರ್ಷಾಂತಿಕದವರೆಗೆ ಆ ಮಾತನ್ನು ಮನೆಯವರೂ ಕೇಳುವುದಿಲ್ಲ, ಅದಿರುವ ಫೋಲ್ಡರನ್ನು ನಾವೂ ತೆರೆಯುವುದಿಲ್ಲ. ಫೈಲುಗಳನ್ನು ದಿನವೂ ತಪಾಸಣೆ ಮಾಡುವ ಪ್ರೋಗ್ರಾಂ ಕೂಡ ಅದನ್ನು ಮುಟ್ಟದಿರಲಿ ಎಂದು ಹಿರಿಯರು ಕೇಳಿದಾಗ ಒಪ್ಪಿದವಳು ನಾನೇ. ಅದು ಗೌರವವೋ ಸೋಮಾರಿತನವೋ, ಈಗ ನನಗೇ ತಿಳಿಯದು.

ಸತ್ತವರ ಫೋಟೊ ಹಾಕಲು ಅದೇ ಫೋಲ್ಡರಿಗೆ ದಾರಿಯಿತ್ತು. ಬಂದದ್ದು ನಿಜವಾಗಿ ಫೋಟೊವೇ ಎಂದು ನಾವು ನೋಡುತ್ತಿರಲಿಲ್ಲ. ಯಾರೋ ಅಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟು, ಹೊಸದೆಂದು ಗೊತ್ತಾಗದಂತೆ ಅದಕ್ಕೆ ಹಳೆಯ ತಾರೀಕು ಹಚ್ಚಿದ. ನಿಮ್ಮಲ್ಲಿ ಅದನ್ನು ವೆಬ್ ಶೆಲ್ ಎನ್ನುತ್ತಿದ್ದರಂತೆ. ಆಮೇಲೆ ಎಲ್ಲೋ ಕುಳಿತು ಬ್ರೌಸರಿನಲ್ಲಿ ಅದರ ವಿಳಾಸ ಕರೆದರೆ ಸಾಕು, ನಮ್ಮ ಯಂತ್ರ ಅವನು ಹೇಳಿದ್ದನ್ನು ಮಾಡುತ್ತಿತ್ತು. ಅವನಿಗೆ ನಮ್ಮ ಮೇಲೇನೂ ಹಗೆಯಿರಲಿಲ್ಲ. ಬೇಕಿದ್ದದ್ದು ತನ್ನ ಸರಕಿಗೆ ಜಾಗ. ತಿಂಗಳುಗಟ್ಟಲೆ ಯಾರೂ ತೆರೆಯದ ಫೈಲುಗಳನ್ನು, ಅಂದರೆ ಸತ್ತವರ ಆ ಮಾತುಗಳನ್ನೇ, ಅಳಿಸಿದ. ವಾರಗಳು ಕಳೆದಂತೆ ಹಳೆಯ ಪ್ರತಿಗಳ ಜಾಗಕ್ಕೆ ಹೊಸವು ಬಂದು, ಬ್ಯಾಕಪ್ಪಿನಿಂದಲೂ ಅವು ಮಾಯವಾದವು.

ಸುಳಿವುಗಳಿದ್ದವು. ಯಾವ ಪುಟದಲ್ಲೂ ಕೊಂಡಿಯಿಲ್ಲದ ಒಂದು ಫೈಲನ್ನು ಒಂದೇ ವಿಳಾಸದಿಂದ ಮತ್ತೆ ಮತ್ತೆ ಕರೆದದ್ದು ಸರ್ವರ್‌ನ ದಿನಚರಿಯಾದ ಲಾಗ್‌ನಲ್ಲಿತ್ತು. ಪುಟ ತೋರಿಸುವುದಷ್ಟೇ ಕೆಲಸವಾಗಿದ್ದ ವೆಬ್ ಸರ್ವರ್ ತಾನೇ ಕಮಾಂಡ್‌ಗಳನ್ನು ಓಡಿಸತೊಡಗಿತ್ತು. ಜೊತೆಗಾರ ಮುನೀರ್ ಅದನ್ನು ಕಂಡು, "ಮೇಡಂ, ಈ ಆಳು ಯಜಮಾನಿಕೆ ಮಾಡ್ಲಿಕ್ಕೆ ಹತ್ತಿದೆ. ಆ ಫೋಲ್ಡರ್ ಒಂದ್ಸಲ ಇಣುಕ್ಲಾ?" ಎಂದ. "ವರ್ಷ ತುಂಬ್ಲಿ ಮಾರಾಯ, ಶಾಸ್ತ್ರ ಕೆಡಿಸೋದು ಬೇಡ" ಎಂದೆ.

ನೀವು ಇಣುಕಿ. ಅಪ್‌ಲೋಡ್ ಆದದ್ದು ಯಾವುದೂ ಪ್ರೋಗ್ರಾಂ ಆಗಿ ಓಡದಂತೆ ತಡೆಯಿರಿ. ಇರುವ ಫೈಲುಗಳನ್ನು ನಂಬಿಕಸ್ಥ ಪ್ರತಿಯೊಂದಿಗೆ ದಿನವೂ ಹೋಲಿಸಿ, ಅವುಗಳ ಮೇಲಿನ ತಾರೀಕನ್ನು ನೆಚ್ಚಬೇಡಿ. ಪೂಜ್ಯವೆಂದು ಯಾವ ಮೂಲೆಯನ್ನೂ ಬಿಡಬೇಡಿ.

ಮೊನ್ನೆ ದ್ರೌಪದಿಯಮ್ಮ ಬಂದರು. ಮಗಳು ನಾಗವೇಣಿ ತೀರಿಕೊಂಡು ಅಂದಿಗೆ ವರ್ಷ. ಮಿಂದು, ಮಗಳ ಸೀರೆಯನ್ನೇ ಉಟ್ಟು ಬಂದಿದ್ದರು. ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ. ಕೇಳಿದ್ದು ಇಷ್ಟೇ:

"ವರ್ಷ ಇಡೀ ನಿನ್ ಹತ್ರಾನೇ ಇತ್ತಲ್ಲೇ ತಂಗಿ. ನೀನಾದ್ರೂ ಕೇಳಿದ್ಯಾ? ಎಂತ ಹೇಳಿತ್ತು ನನ್ ಮಗು?"

ಇಲ್ಲ ಎಂದೆ. ಆ ಉತ್ತರ ಕೊಡುವ ದಿನ ನಿಮಗೆ ಬಾರದಿರಲಿ.

ಇಂತು,
ಮೃದುಲಾ ಗಾಂವಕರ್