ಲತಾ ಮುಟ್ಟದ ಸಾಲು

ಜೂನ್ 9, ಸೋಮವಾರ

ಮತ್ತೆ ಅದೇ. ಅವಲಕ್ಕಿ ಕಲಸಿಟ್ಟೆ, ಪಿಎಚ್.ಡಿ. ಗೈಡ್ ಮೇಡಂ ಫೋನ್ ಬಂತು, ಅವಲಕ್ಕಿ ಮೆತ್ತಗಾಯಿತು. "ಗುರುದೇವಿ, ವಿಷಯ ಚೆನ್ನಾಗಿದೆ, ಭಾಷೆ ಗೊಜ್ಜಾಗಿದೆ. ಒಬ್ಬ ಒಳ್ಳೆ ಎಡಿಟರ್ ನೋಡ್ಕೊಳ್ಳಿ. ಆಗಸ್ಟ್ ಹದಿನೆಂಟು ಲಾಸ್ಟ್ ಡೇಟ್. ಇನ್ನೊಂದು ಎಕ್ಸ್‌ಟೆನ್ಷನ್ ಸಿಗಲ್ಲ." ಸಿಗುವುದಿಲ್ಲ, ನನಗೂ ಗೊತ್ತು. ಈ ಸಲ ತಪ್ಪಿದರೆ ರಿಜಿಸ್ಟ್ರೇಷನ್ನೇ ರದ್ದು. ಊರಿಗೆ ಹೋಗಿ ಯಾರಿಗೆ ಮುಖ ತೋರಿಸಲಿ.

ವಿಜಯನಗರದ ಒಂದು ಅಂಗಡಿಗೆ ಪ್ರಬಂಧದ ಫೈಲ್ ಕೊಟ್ಟು ಬಂದೆ. ಜೆರಾಕ್ಸ್, ಬೈಂಡಿಂಗ್, 'ಪ್ರೊಫೆಷನಲ್ ಎಡಿಟಿಂಗ್' — ಎಲ್ಲ ಒಂದೇ ಬೋರ್ಡಿನಲ್ಲಿ.

ಮಧ್ಯಾಹ್ನ ಕೆಳಗಿನ ಮನೆಯಲ್ಲಿ ಅಕ್ಕಯ್ಯಮ್ಮಜ್ಜಿಯ ಹಾಡು. ಶೋಭಾರಾಣಿ ಅಕ್ಕ ರೆಕಾರ್ಡಿಂಗ್ ಹಾಕಿರಬೇಕು. ಸತ್ತ ಅತ್ತೆಯ ನೆನಪು, ಹಾಕಿಕೊಳ್ಳಲಿ. ಕಿವಿಗೆ ಹತ್ತಿ ಇಟ್ಟುಕೊಂಡು ಮೂರನೇ ಅಧ್ಯಾಯ ತಿದ್ದಿದೆ.

ಜೂನ್ 13, ಶುಕ್ರವಾರ

ಇಷ್ಟು ಬೇಗ ಫೈಲ್ ಬಂದಾಗಲೇ ಅನುಮಾನ ಬಂದಿತ್ತು. ಮನುಷ್ಯರು ಓದೇ ಇಲ್ಲ. ಯಾವುದೋ ಸಾಫ್ಟ್‌ವೇರ್‌ಗೆ ತುರುಕಿ ತೆಗೆದಿದ್ದಾರೆ. ಅಜ್ಜಿ ಸಾವಿನ ಮನೆಗಳಲ್ಲಿ ಹಾಡುತ್ತಿದ್ದ ದೊಡ್ಡ ಪದದ ಕೊನೆಗೆ ಒಂದು ಹೊಸ ಸಾಲು — 'ನಿನ್ನ ನೆನಪೇ ನಮ್ಮ ಬಾಳ ದಾರಿದೀಪವಮ್ಮಾ.' ಪಕ್ಕದಲ್ಲಿ ಟಿಪ್ಪಣಿ: 'ಒಂದು ಸಾಲು ಬಿಟ್ಟುಹೋಗಿತ್ತು, ಸೇರಿಸಲಾಗಿದೆ.'

ಮೈ ಉರಿದುಹೋಯಿತು. ಫೋನ್ ಮಾಡಿ ಜಾಡಿಸಿದೆ. "ಮೇಡಂ, ಪ್ರಾಸ ಕರೆಕ್ಟಾಗಿ ಕೂತಿದೆಯಲ್ಲ?" ಅಂದ ಪುಣ್ಯಾತ್ಮ.

ಯಾರ ಪದಕ್ಕೆ ಸಾಲು ಸೇರಿಸಿದೆ ಗೊತ್ತೇನಪ್ಪ, ಎಂದು ಕೇಳಬೇಕಿತ್ತು. ನಾವಿರುವ ಈ ಬ್ಯಾಡರಹಳ್ಳಿ ತುಂಬ ರಾಗಿ ಹೊಲವಿದ್ದ ಕಾಲದಿಂದ ಸಾವಿನ ಮನೆಗಳಿಗೆ ಹೋಗಿ, ಹೆಣದ ತಲೆಯ ಹತ್ತಿರ ಕೂತು, ಪದ ಕಟ್ಟಿ ಅತ್ತವಳು. ನನ್ನ ಪ್ರಬಂಧದ ಮುಕ್ಕಾಲು ಭಾಗ ಅವಳೇ. ಕೊನೆಯ ಸಾಲನ್ನು ಬೇಕೆಂದೇ ಹಾಡುತ್ತಿರಲಿಲ್ಲ. "ಪದ ಹಾಡೋಳು ಮುಗಿಸ್ಬಾರ್ದು ಕಣವ್ವ. ಮಣ್ಣು ಮಾಡಿದ್ ಮ್ಯಾಲೆ ಹಾಲುತುಪ್ಪ ಬಿಡೋ ದಿನ ಆ ಮನೆ ಹೆಣ್ಮಗಳು ಅದ ಹೇಳ್ಬೇಕು. ಆಗ ಸತ್ತೋರು ಓಯ್ತಾರೆ. ಹೇಳ್ದಿದ್ರೆ ಹೊಸ್ಲಲ್ಲೇ ನಿಂತಿರ್ತಾರೆ." ಒಂದು ದಿನ ಅವರೆಕಾಯಿ ಸುಲಿಯುತ್ತ, ಫೋನಿನ ರೆಕಾರ್ಡಿಂಗ್ ಆಫ್ ಮಾಡಿಸಿ, ಆ ಸಾಲು ನನಗೆ ಹೇಳಿಕೊಟ್ಟಳು. "ಬರ್ಕೋಬ್ಯಾಡ. ಕೇಳ್ದೋರ್ಗೆ ಹೇಳು. ಕೇಳ್ದೆ ಹೇಳ್ಬ್ಯಾಡ."

ಪ್ರಬಂಧದಲ್ಲಿ ಬರೆದಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಜೂನ್ 22, ಭಾನುವಾರ

ಎರಡನೆಯ ಎಡಿಟರ್. ರಾಜಾಜಿನಗರದ ಶ್ಯಾಮಸುಂದರ ಸರ್, ರಿಟೈರ್ಡ್ ಮೇಷ್ಟ್ರು. ಕಾಫಿ ಬಹಳ ಚೆನ್ನಾಗಿತ್ತು. ಅಧ್ಯಾಯದ ಗತಿ ನೋಡಿ ಅರ್ಧಕ್ಕೇ ಕೆಳಗಿಟ್ಟೆ. ಅಜ್ಜಿಯ 'ಐತೆ' ಎಲ್ಲ 'ಇದೆ' ಆಗಿದೆ. 'ಓಯ್ತಾರೆ' ಎಲ್ಲ 'ನಿರ್ಗಮಿಸುತ್ತಾರೆ.' ಅಜ್ಜಿ ಟಿವಿ ನ್ಯೂಸ್ ಓದುತ್ತಿದ್ದಾಳೆ.

"ಪಿಎಚ್.ಡಿ. ಅಂದ್ಮೇಲೆ ಒಂದು ಗಾಂಭೀರ್ಯ ಇರ್ಬೇಕಮ್ಮ."

"ಸರ್, ಅದು ಅವರ ಮಾತು ರೀ. ನಂದಲ್ಲ."

"ಅವ್ರೇನು ಬಂದು ಓದ್ತಾರಾ?" ನಕ್ಕರು.

ಸುಂಕದಕಟ್ಟೆಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಲ್ಲೇ ನಿಂತಿತ್ತು. ಆ ನಗುವೇ ತಲೆಯಲ್ಲಿ. ಮನೆಗೆ ಬಂದಾಗ ಕೆಳಗೆ ಹಾಡು ನಡೆದಿತ್ತು. 'ಹೊತ್ತು ಮುಳುಗೈತೆ, ದೀಪ ಹಚ್ಚೋರು ಯಾರವ್ವಾ' ಎಂಬಲ್ಲಿಗೆ ಬಂದು, ಯಾವಾಗಿನ ಹಾಗೆ ನಿಂತಿತು. ನಾನೂ ಮೆಟ್ಟಿಲ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದೆ.

ಜೂನ್ 23

ಆ ದಿನ ಮತ್ತೆ ಮತ್ತೆ ನೆನಪಾಗುತ್ತಿದೆ. ಶಿವರಾತ್ರಿಗೆ ಮುಂಚೆ ಅಜ್ಜಿ ಹೋದಳು. ಬಾಗಿಲಲ್ಲಿ ಫ್ರೀಜರ್ ಪೆಟ್ಟಿಗೆ, ಶಾಮಿಯಾನ, ನೀಲಿ ಕುರ್ಚಿಗಳು. ಊರಿನ ಅಷ್ಟೂ ಸಾವಿಗೆ ಅತ್ತವಳಿಗೆ ಅಳಲು ಪದ ಗೊತ್ತಿದ್ದವರು ಒಬ್ಬರೂ ಇಲ್ಲ. ಮಗ ಮೋಹನ್ ಕುಮಾರ್ ಅಣ್ಣ ಮೇಲೆ ಬಂದು ಕೈ ಹಿಡಿದುಕೊಂಡರು. "ನಿಮ್ ಹತ್ರ ಅಮ್ಮನ ದನಿ ಇದೆಯಲ್ಲ, ಅದನ್ನೇ ಹಾಕಿ. ಹಂಗೇ ಸುಮ್ನೆ ಕಳಿಸೋದು ಸರಿ ಇರಲ್ಲ." ಸ್ಪೀಕರ್‌ಗೆ ಹಾಕಿದೆ. ಪೆಟ್ಟಿಗೆಯೊಳಗೆ ಅಜ್ಜಿ. ಹೊರಗೆ ಅವಳ ದನಿ — ತನ್ನ ಹೆಣಕ್ಕೆ ತಾನೇ ಅಳುತ್ತ. ಪದ ನಿಂತಾಗ ಜನ ಮುಂದಿನ ಸಾಲಿಗೆ ಕಾದರು. ಬರಲಿಲ್ಲ. ಯಾರೋ ಸ್ಪೀಕರ್ ಕೆಟ್ಟಿತು ಎಂದರು.

ಹಾಲುತುಪ್ಪದ ದಿನ ಶೋಭಾರಾಣಿ ಅಕ್ಕ ಸುಮ್ಮನೆ ಕೈ ಮುಗಿದು ಬಂದರು. ಆ ಕೊನೆಯ ಸಾಲು ಏನೆಂದು ಕೇಳಲಿಲ್ಲ. ನಾನು ಹೇಳಲಿಲ್ಲ.

ಜುಲೈ 6, ಭಾನುವಾರ

ಟೆರೇಸಿನ ಮೇಲೆ ಬೆಡ್‌ಶೀಟ್ ಮಡಚಲು ಅಕ್ಕನಿಗೆ ಒಂದು ತುದಿ ಹಿಡಿದಿದ್ದೆ.

"ಗುರುದೇವಿ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡ. ಮಧ್ಯಾಹ್ನದ ಹೊತ್ತು ಅತ್ತೆ ಹಾಡು ಹಾಕ್ಬೇಡ ಕಣೇ. ಇವ್ರು ತಟ್ಟೆ ಬಿಟ್ಟು ಎದ್ದೋಗ್ತಾರೆ."

"ನಾ ಹಾಕಿಲ್ರಿ ಅಕ್ಕ. ನೀವು ಹಾಕ್ತೀರಿ ಅನ್ಕೊಂಡಿದ್ದೆ."

"ನಮ್ ಹತ್ರ ಎಲ್ಲಿದೆ ಅದು?"

ಬೆಡ್‌ಶೀಟ್ ಮಡಚಿ ಮುಗಿಸಿದೆವು. ಕೆಳಗೆ ಇಳಿಯುವಾಗ ಅವರು ನನ್ನ ಮೊಣಕೈ ಹಿಡಿದುಕೊಂಡಿದ್ದರು. ನನಗೆ ಭಯವಾಗಿದೆ.

ಜುಲೈ 8

ಗೈಡ್ ಮೇಡಂಗೆ ಎಡಿಟರ್‌ಗಳ ಪುರಾಣ ಒಪ್ಪಿಸಿದೆ. "ಅಯ್ಯೋ, ಮೊದ್ಲೇ ಹೇಳ್ಬೇಕಿತ್ತು. ಬಸವೇಶ್ವರನಗರದಲ್ಲಿ ಲತಾ ಅಂತ ಇದಾರೆ. ಗಂಡ ಹೆಂಡ್ತಿ ಇಬ್ರೂ ಕೂತು ಮಾಡ್ತಾರೆ. ನಾನು ಮಾತಾಡಿಸಿ ಸುಮಾರು ವರ್ಷ ಆಯ್ತು, ಮೇಲ್ ಹಾಕಿ ನೋಡಿ." ಹಾಕಿದೆ. ಸಂಜೆಯೊಳಗೆ ಉತ್ತರ: 'ಕಳಿಸಿ. ಓದುತ್ತೇವೆ.'

ಅಷ್ಟೇ. ನಮಸ್ಕಾರವೂ ಇಲ್ಲ. ಇಷ್ಟವಾಯಿತು.

ಜುಲೈ 24, ಗುರುವಾರ

ಮೊದಲ ನಾಲ್ಕು ಅಧ್ಯಾಯ ಬಂದಿವೆ. ಬೆಳಗ್ಗಿನಿಂದ ಊಟ ಮಾಡಿಲ್ಲ, ಅದನ್ನೇ ಓದುತ್ತಿದ್ದೇನೆ.

ಅಂಚಿನ ತುಂಬ ಕಾಮೆಂಟ್. ಪ್ರತಿಯೊಂದರ ತಲೆಯ ಮೇಲೂ ಒಂದೇ ಹೆಸರು — ಲತಾ. ಅಜ್ಜಿಯ ಒಂದು 'ಐತೆ'ಯನ್ನೂ ಅಲುಗಿಸಿಲ್ಲ. ನನ್ನದನ್ನು ಮಾತ್ರ ಸಿಪ್ಪೆ ಸುಲಿದಿದ್ದಾರೆ. 'ಈ ಪ್ಯಾರಾದಲ್ಲಿ ನೀವು ಯಾರಿಗೋ ಹೆದರಿ ಬರೆದಿದ್ದೀರಿ. ಹೆದರದೆ ಬರೆಯಿರಿ.' 'ಇಷ್ಟು ಸಿದ್ಧಾಂತ ಯಾಕೆ? ಅಜ್ಜಿ ಮೊದಲೇ ಹೇಳಿಯಾಯಿತಲ್ಲ.' ಒಬ್ಬಳೇ ಕೂತು ನಕ್ಕೆ.

ದೊಡ್ಡ ಪದದ ಹತ್ತಿರ ಬಂದೆ. ಅಲ್ಲಿ: 'ಇಲ್ಲಿ ಒಂದು ಸಾಲು ಇಲ್ಲ. ಬೇಕೆಂದೇ ಬಿಟ್ಟಿದ್ದಾರೆ. ಯಾರೂ ಮುಟ್ಟಬೇಡಿ.'

ಅತ್ತುಬಿಟ್ಟೆ. ಅಜ್ಜಿ ಹೋದ ದಿನವೂ ಹೀಗೆ ಅತ್ತಿರಲಿಲ್ಲ. ಸಿಕ್ಕರು, ನನ್ನ ಎಡಿಟರ್ ಸಿಕ್ಕರು.

ಜುಲೈ 25

ನಿನ್ನೆ ಕಣ್ಣು ತಪ್ಪಿದ ಒಂದು ಕಾಮೆಂಟ್. ಅದೇ ಪದದ ಕೆಳಗೆ. ಲತಾ: 'ಆ ಸಾಲು ನಿಮಗೆ ಗೊತ್ತು. ಯಾಕೆ ಇಟ್ಟುಕೊಂಡು ಕೂತಿದ್ದೀರಿ? ಅವರು ಕಾಯುತ್ತಿದ್ದಾರೆ.'

ನನಗೆ ಗೊತ್ತು ಎಂದು ಪ್ರಬಂಧದಲ್ಲಿ ಎಲ್ಲಿಯೂ ಬರೆದಿಲ್ಲ. ಮೂರು ಸಲ ಹುಡುಕಿದೆ. ಇಲ್ಲ.

ಆಗಸ್ಟ್ 5, ಮಂಗಳವಾರ

ಕೊನೆಯ ಅಧ್ಯಾಯ ಬರುತ್ತಿಲ್ಲ. ಮೇಲ್ ಹಾಕಿದರೆ 'ಲತಾ ಇನ್ನೊಮ್ಮೆ ನೋಡಬೇಕಂತೆ.' ಇನ್ನೊಮ್ಮೆ, ಮತ್ತೊಮ್ಮೆ. ಗೈಡ್ ಮೇಡಂ ಫೋನ್ ಎತ್ತಲು ಧೈರ್ಯವಿಲ್ಲ. ಕೆಳಗೆ ಹಾಡು ಈಗ ದಿನಾ. ಶೋಭಾರಾಣಿ ಅಕ್ಕ ಮಧ್ಯಾಹ್ನ ಅಕ್ಕಪಕ್ಕದವರ ಮನೆಗೆ ಹೋಗಿ ಕೂರುತ್ತಾರೆ.

ಆಗಸ್ಟ್ 9, ಶನಿವಾರ

ನೇರ ಮನೆಗೇ ಹೋದೆ. ನಿನ್ನೆ ವರಮಹಾಲಕ್ಷ್ಮಿ ಹಬ್ಬ, ಬಸವೇಶ್ವರನಗರದ ಬೀದಿಯ ಎಲ್ಲ ಬಾಗಿಲಲ್ಲೂ ರಂಗೋಲಿ ಇನ್ನೂ ಇತ್ತು. ಅವರ ಬಾಗಿಲು ಖಾಲಿ.

ಬಾಗಿಲು ತೆಗೆದವರು ಲತಾ ಅವರ ಗಂಡ, ಯೋಗಾನಂದ ಸರ್. ತೆಳ್ಳಗೆ, ದಪ್ಪ ಕನ್ನಡಕ.

"ಲತಾ ಮೇಡಂ ಇದಾರೇನ್ರಿ ಸರ್?"

"ಇದಾಳೆ, ಬನ್ನಿ."

ಒಳಗೆ ಮೇಜು, ಎರಡು ಕುರ್ಚಿ. ಒಂದರ ಬೆನ್ನಿಗೆ ಶಾಲು. ಗೋಡೆಯಲ್ಲಿ ಒಬ್ಬ ಹೆಂಗಸಿನ ಫೋಟೋ, ಗಂಧದ ಹಾರ. ಅವರು ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು: "ಎರಡು ವರ್ಷ ಆಯ್ತು."

ಆ ಶಾಲಿನ ಕುರ್ಚಿ ಬಿಟ್ಟು ಎಲ್ಲಿ ಕೂರು ಎಂದರೂ ಕೂರುತ್ತಿದ್ದೆ. ಸ್ಟೂಲ್ ಕೊಟ್ಟರು.

"ನಾವು ಯಾವಾಗ್ಲೂ ಹಿಂಗೇ ಮಾಡೋದು. ನಾನು ಜೋರಾಗಿ ಓದ್ತೀನಿ. ಅವಳು ಕಣ್ಣು ಮುಚ್ಕೊಂಡು ಕೇಳ್ತಾಳೆ. ಎಲ್ಲಿ ಸರಿ ಇಲ್ವೋ ಅಲ್ಲಿ 'ಹ್ಞಾಂ' ಅಂತಾಳೆ. ನಿಲ್ಲಿಸ್ತೀನಿ. ಅವಳು ಹೇಳಿದ್ದನ್ನ ಟೈಪ್ ಮಾಡ್ತೀನಿ. ಲ್ಯಾಪ್‌ಟಾಪ್ ಅವಳದೇ, ಹೆಸರೂ ಅವಳದೇ ಬರುತ್ತೆ."

"ಈಗಲೂ?"

"ಈಗ್ಲೂ."

ಆ ಕಾಮೆಂಟ್ ತೋರಿಸಿ ಕೇಳಿದೆ, ಇದು ನೀವು ಬರೆದದ್ದಾ ಎಂದು. ಪರದೆಗೆ ಮೂಗು ತಾಗಿಸಿ ಓದಿದರು. "ಗೊತ್ತಿಲ್ಲ ಮಗು. ಕೂತ್ಮೇಲೆ ಯಾವ್ದು ನಾನು, ಯಾವ್ದು ಅವಳು, ತಿಳಿಯಲ್ಲ."

ಕೊನೆಯ ಅಧ್ಯಾಯ ಯಾಕೆ ಕೊಡುತ್ತಿಲ್ಲ ಎಂಬುದೂ ತಿಳಿಯಿತು. ಕಣ್ಣು ಹೋಗುತ್ತಿದೆ. ಡಾಕ್ಟರು ಓದುವುದನ್ನು ನಿಲ್ಲಿಸಿ ಎಂದಿದ್ದಾರೆ. ಇದೇ ಕೊನೆಯ ಕೆಲಸ. "ನಿಮ್ದು ಮುಗಿದ್ರೆ ಅವಳಿಗೆ ನಾನು ಏನು ಓದ್ಲಿ?" ಎಂದರು.

ಬೈಯಲು ಹೋದವಳು ನೀರು ಕುಡಿದು ಬಂದೆ.

ಆಗಸ್ಟ್ 13, ಬುಧವಾರ

ಗಟ್ಟಿ ಮನಸ್ಸು ಮಾಡಿ ಹೋದೆ. "ಸರ್, ಸೋಮವಾರ ಕೊಡದಿದ್ರ ಅಜ್ಜಿ ಪದ ಯಾರೂ ಓದೂದಿಲ್ರಿ. ಎಲ್ಲಾ ನನ್ನ ಪೆಟ್ಟಿಗ್ಯಾಗ ಕೊಳೀತದ." ಮಾತು ಊರಿನದೇ ಬಂತು, ಸಿಟ್ಟಿನಲ್ಲಿ.

"ಸರಿ. ಕೂತ್ಕೊ. ಒಂದು ಸಲ ಪೂರ್ತಿ ಓದಿ ಮುಗಿಸೋಣ." ಓದಿದರು. ಒಳ್ಳೆಯ ದನಿ. ಪ್ರಬಂಧದ ಕೊನೆಯಲ್ಲಿ ಅಜ್ಜಿಯ ಪದ ಇನ್ನೊಮ್ಮೆ ಬರುತ್ತದೆ. 'ಬಾಗ್ಲು ತೆರೆದೈತೆ, ತಂಬಿಗೆ ನೀರೈತೆ, ಕಾಲು ತೊಳೆದು ಬಾರವ್ವಾ.' ಓದುತ್ತ ಓದುತ್ತ 'ದೀಪ ಹಚ್ಚೋರು ಯಾರವ್ವಾ' ಎಂಬಲ್ಲಿಗೆ ಬಂದು ನಿಂತರು. ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ.

"ಹ್ಞಾಂ."

ಅವರ ಬಾಯಿ ಮುಚ್ಚಿತ್ತು, ನೋಡುತ್ತಲೇ ಇದ್ದೆ. ನಾನು ಅನ್ನಲಿಲ್ಲ. ಅನ್ನಲಿಲ್ಲ ಎಂದೇ ಅಂದುಕೊಂಡಿದ್ದೇನೆ.

ಯೋಗಾನಂದ ಸರ್ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ಆಮೇಲೆ ಏನು ಮಗು? ಆ ಸಾಲು ಏನು?"

ಇಷ್ಟು ದಿನದಲ್ಲಿ ಮೊದಲು ಕೇಳಿದವರು. ಹೇಳಿದೆ. ಆಮೇಲೆ ಅವರೂ ಆ ಸಾಲು ಹೇಳಿದರು, ಶಾಲಿನ ಕುರ್ಚಿಯ ಕಡೆ ತಿರುಗಿ. "ನಮ್ಮನೇಲಿ ಹೆಣ್ಮಕ್ಕಳು ಯಾರಿದಾರೆ? ನಾನೇ ಹೇಳ್ಬೇಕು," ಎಂದರು. ಪರದೆಯ ಬಾಣವನ್ನು ತಡಕಾಡಿ, ತಿದ್ದುಪಡಿಗಳನ್ನೆಲ್ಲ ಒಪ್ಪುವ 'ಅಕ್ಸೆಪ್ಟ್ ಆಲ್' ಮೇಲೆ ತಂದರು. ಒತ್ತಿದರು. ಕಾಮೆಂಟುಗಳನ್ನೂ ಅಳಿಸಿದರು. ಅಂಚು ಬೆಳ್ಳಗಾಯಿತು. ಲತಾ ಎಂಬ ಹೆಸರು ಎಲ್ಲೂ ಇಲ್ಲ.

"ಎಲ್ಲಾ ಹೋಯ್ತಾ? ಸರಿಯಾಗಿ ಕಾಣಲ್ಲ ನಂಗೆ."

"ಹೋತ್ರಿ ಸರ್."

ಶಾಲು ಮಡಚಿ ಬೀರುವಿಗೆ ಇಟ್ಟರು. ಗೇಟಿನವರೆಗೆ ಬಂದು ಬಿಟ್ಟುಹೋದರು.

ಆಗಸ್ಟ್ 14, ಗುರುವಾರ

ಕೃತಜ್ಞತೆಯ ಪುಟದಲ್ಲಿ ಒಂದೇ ಸಾಲು ಸೇರಿಸಿದೆ: 'ಓದಿದವರು ಯೋಗಾನಂದ. ತಿದ್ದಿದವರು ಲತಾ.' ಪ್ರಿಂಟ್‌ಗೆ ಕಳಿಸಿದೆ. ಸಂತೋಷವಾಗಬೇಕಿತ್ತು.

ಮಧ್ಯಾಹ್ನ

ಶೋಭಾರಾಣಿ ಅಕ್ಕ ಮೇಲೆ ಓಡಿ ಬಂದರು. ಕೈಯಲ್ಲಿ ಇನ್ನೂ ಅಕ್ಕಿ ತೊಳೆದ ನೀರು. "ಇವತ್ತು ದೇವ್ರ ಮನೆಯಿಂದ್ಲೇ ಕೇಳ್ತು ಕಣೇ. ನನ್ ಕಿವಿ ಹತ್ರ. ದೀಪ ಹಚ್ಚೋರು ಯಾರು ಅಂತ ಕೇಳಿ ಸುಮ್ನಾಗ್ಬಿಡ್ತಾರೆ. ದಿನಾ ಅಲ್ಲಿಗೇ ನಿಲ್ಲುತ್ತೆ." ಉಸಿರು ತೆಗೆದುಕೊಂಡರು. "ಆಮೇಲೆ ಏನು ಗುರುದೇವಿ? ನಿಂಗೊತ್ತಿದ್ರೆ ಹೇಳು."

ಕೇಳಿದರು. ಕೊನೆಗೂ ಕೇಳಿದರು.

ಮನೆಯ ಹೆಣ್ಣು ಹೇಳದಿದ್ದರೆ ಹೋದವರು ಹೊಸ್ತಿಲಲ್ಲೇ ನಿಂತಿರುತ್ತಾರಂತೆ ಎಂದು, ಆ ಸಾಲನ್ನು ಅವರ ಕಿವಿಯಲ್ಲಿ ಹೇಳಿದೆ. "ಇಷ್ಟೇನಾ?" ಎಂದು ನನ್ನನ್ನೇ ನೋಡಿದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ಅತ್ತೆನ ಇಷ್ಟು ದಿನ ಹೊಸ್ಲಲ್ಲೇ ನಿಲ್ಲಿಸಿದ್ವಲ್ಲ." ಬಾಯಿಪಾಠ ಆಗುವವರೆಗೂ ಹೇಳಿಸಿದೆ. ಒಂದು ಲೋಟ ಹಾಲು, ಸ್ವಲ್ಪ ತುಪ್ಪ ತೆಗೆದುಕೊಂಡು ಕೆಳಗೆ ಹೋದರು. ಜೊತೆಗೆ ಬರಲಾ ಎಂದೆ. ಬೇಡ, ಮನೆಯವಳು ನಾನು ಎಂದರು.

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಶುರುವಾಯಿತು. ಬಾಗ್ಲು ತೆರೆದೈತೆ… ತಂಬಿಗೆ ನೀರೈತೆ… ಇವತ್ತು ನಿಧಾನ. ದೀಪ ಹಚ್ಚೋರು ಯಾರವ್ವಾ. ನಿಂತಿತು. ಅಕ್ಕ ಗಂಟಲು ಸರಿಮಾಡಿಕೊಂಡರು. ಹೇಳುತ್ತಿದ್ದಾರೆ. ಮೊದಲ ಮಾತು ಸರಿ ಬಂತು. ಎರಡನೆಯದೂ. ಅಕ್ಕ ಒಬ್ಬರೇ ಹೇಳುತ್ತಿಲ್ಲ, ಅಜ್ಜಿಯೂ ಜೊತೆಗೆ—