ಮೂರನೇ ಹೊಸಪಾಳ್ಯ

10 ನವೆಂಬರ್, ಭಾನುವಾರ

ಮೈಯೆಲ್ಲ ಧೂಳು. ನಾಳೆ ಕ್ಲಿನಿಕ್ ರಿಸೆಪ್ಷನ್‌ನಲ್ಲಿ ಬೆಳಗಿನ ಡ್ಯೂಟಿ ಬೇರೆ. ಆದರೂ ಖುಷಿ. ಕುಣಿಗಲ್ ಕಡೆಯ ಹೊಸಪಾಳ್ಯ ಮುಗಿಯಿತು. ಹೋದ ವಾರ ಕ್ಯಾತ್ಸಂದ್ರದ ಆಚೆಯದು. ಇನ್ನು ಗುಬ್ಬಿಯದೊಂದು. ನಮ್ಮ ಯೂಟ್ಯೂಬ್ ಚಾನೆಲ್ಲಿಗೆ ಒಂದೇ ಹೆಸರಿನ ಮೂರು ಊರು — ಐಡಿಯಾ ನನ್ನದು, ಬೈಕು, ಕ್ಯಾಮೆರಾ ನನ್ನ ಗಂಡ ಮಲ್ಲಿಯದು.

ಹುತ್ರಿದುರ್ಗದ ಬೆಟ್ಟ ಹಿಂದೆ ಕಾಣುವಂತೆ ರಾಗಿ ಹೊಲದಲ್ಲಿ ಶೂಟ್. ಮೋಹನ್‌ಕುಮಾರ್ ಎನ್ನುವವರು ಮನೆಗೆ ಕರೆದರು. ಅವರ ತಾಯಿ ಚಿಕ್ಕಗಂಗಮ್ಮ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದರು.

“ಮಿಕ್ಕಿದ್ ಹೊಸಪಾಳ್ಯದೋರು ಹಿಂಗ್ ಉಣ್ಣಾಕಿಕ್ತಾರಾ, ನೋಡ್ಕೊಂಡ್ ಬಂದು ಹೇಳವ್ವ.”

ಮೋಹನ್‌ಕುಮಾರ್ ನನ್ನ ನಂಬರ್ ತೆಗೆದುಕೊಂಡರು. ಎದುರಿಗೇ ಸಬ್‌ಸ್ಕ್ರೈಬ್ ಆದರು. ಎಷ್ಟು ಒಳ್ಳೆಯ ಜನ.

17 ನವೆಂಬರ್

ಗುಬ್ಬಿಯ ಹೊಸಪಾಳ್ಯ. ಮೂವತ್ತು ಮನೆ, ಹಾಲಿನ ಡೈರಿ, ಪಕ್ಕದಲ್ಲಿ ಒಂದು ಚಿಲ್ಲರೆ ಅಂಗಡಿ. ಅಂಗಡಿಯಲ್ಲಿ ಇಂಪನಾ ಅಂತ ಹುಡುಗಿ, ಸೊಂಟದ ಮೇಲೆ ಏಳು ತಿಂಗಳ ಮಗು. ಇದೇ ಹೆಸರಿನ ಬೇರೆ ಊರು ಗೊತ್ತಾ ಎಂದು ಕೇಳಿದೆ. ಜೋರಾಗಿ ನಕ್ಕಳು.

“ಗೊತ್ತಿಲ್ದೆ ಏನಕ್ಕ? ಹುಟ್ಟಿದ್ದು ಕುಣಿಗಲ್ ಹೊಸಪಾಳ್ಯ, ಬಂದಿದ್ದು ಗುಬ್ಬಿ ಹೊಸಪಾಳ್ಯ. ಊರು ಬುಟ್ರೂ ಹೆಸ್ರು ಬುಡ್ಲಿಲ್ಲ ನನ್ನ!”

ಎಂಥ ಮಾತು! ಮಲ್ಲಿ ಕ್ಯಾಮೆರಾ ಹಿಂದಿನಿಂದ ಹೆಬ್ಬೆರಳೆತ್ತಿ ತೋರಿಸಿದ.

ಹೊರಟಾಗ ಬೈಕಿನ ಹಿಂದೆ ಓಡಿಬಂದಳು. “ಅಕ್ಕ, ನನ್ ಮುಖ ಹಾಕ್ಬೇಡಿ. ಬೇರೆ ಜಾತಿಯೋರ್ನ ಮದ್ವೆಯಾಗಿ ಓಡ್ಬಂದಿದೀನಿ. ನಮ್ಮಣ್ಣ ಮೋಹನ್‌ಕುಮಾರ್ ಅಂತ... ಗೊತ್ತಾದ್ರೆ ಬಿಡಲ್ಲ.”

ಮಗುವಿನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡಳು. ಹಾಕಲ್ಲ ಎಂದೆ. ಹೋದ ವಾರ ಆ ಅಣ್ಣನ ಮನೆಯಲ್ಲೇ ಉಂಡು ಬಂದೆ ಎಂದು ಹೇಳಲಿಲ್ಲ.

20 ನವೆಂಬರ್

ಎಡಿಟಿಂಗ್. “ಅವ್ಳನ್ನ ಕಟ್ ಮಾಡಿದ್ರೆ ವಿಡಿಯೋನೇ ಇಲ್ಲ ಕಣೇ,” ಎಂದ ಮಲ್ಲಿ. ಮುಖ ಮಸುಕು ಮಾಡಿ ನೋಡಿದೆ. ಆ ನಗುವೇ ಹೋಯಿತು. ಮುಖ ಕಾಣುವುದು ಬರೀ ಆರು ಸೆಕೆಂಡ್. ಅಷ್ಟು ಒಳ್ಳೆಯ ಜನ, ಮಗುವಾದ ಮೇಲೆ ಇನ್ನೇನು ಕೋಪ...

ಅಪ್‌ಲೋಡ್ ಒತ್ತಿದ್ದು ನಾನೇ.

24 ನವೆಂಬರ್

ಹದಿನೆಂಟು ಸಾವಿರ ವ್ಯೂಸ್! ಇದುವರೆಗೆ ಸಾವಿರ ದಾಟಿರಲಿಲ್ಲ.

ಮಧ್ಯಾಹ್ನ ಮೋಹನ್‌ಕುಮಾರ್ ಫೋನ್. ಅಳುತ್ತಿದ್ದರು. “ನಿಮ್ಮಿಂದ ನನ್ ತಂಗಿ ಸಿಕ್ಕಿದ್ಳು ಮೇಡಂ. ಎರಡು ವರ್ಷದಿಂದ ಅಮ್ಮ ಸರ್ಯಾಗಿ ಉಂಡಿಲ್ಲ. ಅಂಗ್ಡಿ ಯಾವ ಕಡೆ ಬರುತ್ತೆ?”

ಹಾಲಿನ ಡೈರಿ ಪಕ್ಕ ಎಂದೆ. ಒಳ್ಳೆಯದೇ ಆಯಿತು ಎಂದುಕೊಂಡೆ. ಚಿಕ್ಕಗಂಗಮ್ಮ ಅವತ್ತು ನಮ್ಮ ಜೊತೆ ಹೊಟ್ಟೆ ತುಂಬ ಉಂಡಿದ್ದು ನೆನಪಾಗಲಿಲ್ಲ. ಆಗಿತ್ತೇನೋ.

2 ಡಿಸೆಂಬರ್

ಬಟವಾಡಿಯ ಕ್ಲಿನಿಕ್‌ಗೇ ಹುಡುಕಿಕೊಂಡು ಬಂದರು ಇಂಪನಾ ಗಂಡ ನಾಗಭೂಷಣ್. ಬಲಗೈಗೆ ಪ್ಲಾಸ್ಟರ್, ಎಡಗೈಯಲ್ಲಿ ಮಗು. ಗುರುವಾರ ಕಾರಿನಲ್ಲಿ ನಾಲ್ಕು ಜನ ಬಂದರಂತೆ. ಇವರ ಕೈ ಮುರಿದರು. ಅವಳನ್ನು ಎಳೆದುಕೊಂಡು ಹೋದರು. ಮಗುವನ್ನು ಅಕ್ಕಿಮೂಟೆಯ ಮೇಲೆ ಮಲಗಿಸಿ ಹೋದರು.

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾನ್ ಆ ಊರಿಗೆ ಕಾಲಿಡೋ ಹಂಗಿಲ್ಲ. ನಿಮ್ಗೆ ಅವ್ರು ಗೊತ್ತಲ್ವಾ ಅಕ್ಕ? ಒಂದ್ಸಲ ನೋಡ್ಕೊಂಡ್ ಬನ್ನಿ. ಬಾಟ್ಲಿ ಹಾಲು ಕುಡೀತಿಲ್ಲ ಇದು.”

ಮಗು ನನ್ನ ಐಡಿ ಕಾರ್ಡಿನ ದಾರ ಹಿಡಿದುಕೊಂಡಿತ್ತು. ಬಿಡಿಸಬೇಕಾಯಿತು.

3 ಡಿಸೆಂಬರ್

ಮಲ್ಲಿ ಬರಲಿಲ್ಲ. “ನಮಗ್ಯಾಕೆ ಊರ ಉಸಾಬರಿ?” ಒಬ್ಬಳೇ ಬಸ್ಸಿನಲ್ಲಿ ಹೋದೆ.

ಚಿಕ್ಕಗಂಗಮ್ಮ ನಗುತ್ತಲೇ ಮಜ್ಜಿಗೆ ಕೊಟ್ಟರು. ಒಳಗಿನಿಂದ ಇಂಪನಾಳನ್ನು ಕರೆದರು. ಕೂದಲು ಕುತ್ತಿಗೆಯವರೆಗೆ ಕತ್ತರಿಸಿದ್ದಾರೆ, ಅಡ್ಡಾದಿಡ್ಡಿ. ರವಿಕೆಯ ಮುಂಭಾಗ ಒದ್ದೆ. ಹಾಲು. ತಾಯಿ ಸೆರಗೆಳೆದು ಮುಚ್ಚಿದರು.

“ಮಗು ಚೆನ್ನಾಗಿದೆ,” ಎಂದೆ ಮೆಲ್ಲಗೆ.

ಇಂಪನಾ ಕಂಬಕ್ಕೊರಗಿ ನಿಂತಿದ್ದ ಅಣ್ಣನ ಕಡೆ ನೋಡಿದಳು. “ಯಾವ ಮಗು?” ಎಂದಳು.

“ಕೇಳಿದ್ರಲ್ಲ,” ಎಂದ ಮೋಹನ್‌ಕುಮಾರ್. “ಈಗ ವಿಡಿಯೋ ಮಾಡಿ. ಅವ್ನು ಕಂಪ್ಲೇಂಟ್ ಕೊಟ್ಟವ್ನೆ. ಇಷ್ಟಪಟ್ಟೇ ಬಂದಿದೀನಿ ಅಂತ ಅವ್ಳೇ ಹೇಳ್ತಾಳೆ.” ಬಾಗಿಲಲ್ಲಿ ಇಬ್ಬರು ಬಂದು ನಿಂತರು.

ಫೋನ್ ತೆಗೆದೆ. ಅವಳು ನೆಲ ನೋಡಿಕೊಂಡು ಹೇಳಿದಳು. “ಇಲ್ಲಿ ನೋಡಮ್ಮ, ಸ್ವಲ್ಪ ನಗು” — ಶೂಟಿಂಗ್‌ನಲ್ಲಿ ಎಲ್ಲರಿಗೂ ಅನ್ನುವ ಮಾತು, ಬಾಯಿಂದ ಬಂದೇ ಬಿಟ್ಟಿತು. ತಲೆ ಎತ್ತಿ ನನ್ನನ್ನೇ ನೋಡಿದಳು. ನಕ್ಕಳು.

ವಿಡಿಯೋ ವಾಟ್ಸಾಪ್‌ನಲ್ಲಿ ತರಿಸಿಕೊಂಡ ಮೇಲೇ ಬಾಗಿಲು ಬಿಟ್ಟರು.

7 ಡಿಸೆಂಬರ್

ನಾಗಭೂಷಣ್ ಫೋನ್. ಸ್ಟೇಷನ್ನಿನಲ್ಲಿ ಅದೇ ವಿಡಿಯೋ ತೋರಿಸಿದರಂತೆ. “ನೀನೇ ನೋಡಪ್ಪ, ನಗ್ತಾವ್ಳೆ,” ಎಂದು ಕಂಪ್ಲೇಂಟ್ ಮುಚ್ಚಿದರಂತೆ.

“ಅಕ್ಕ, ನೀವು ಎದುರ್ಗೇ ಇದ್ರಲ್ಲ. ಒಂದೇ ಒಂದು ಹೇಳಿ. ನಿಜ್ವಾಗ್ಲೂ ನಗ್ತಿದ್ಳಾ?”

ನಗು ಎಂದಿದ್ದು ನಾನು ಎನ್ನಲು ಬಾಯಿ ತೆರೆದೆ. ಎದುರಿಗೆ ಪೇಶೆಂಟ್‌ಗಳು ಕೂತಿದ್ದರು.

“ಹೂಂ,” ಎಂದೆ.

ಅವರು ಫೋನ್ ಇಡಲಿಲ್ಲ. ಮಗು ಅಳುತ್ತಿತ್ತು. “ನಿಮ್ಮಮ್ಮ ಚೆನ್ನಾಗವ್ಳಂತೆ ಕಣವ್ವ,” ಎಂದು ಅದಕ್ಕೆ ಹೇಳುತ್ತಿದ್ದರು.

ನಾನೇ ಕಟ್ ಮಾಡಿದೆ. ಹದಿನಾಲ್ಕನೇ ಟೋಕನ್ ಕರೆದೆ. ಆಮೇಲೆ ಹದಿನೈದನೆಯದು.