ಚಿಪ್ ಷೇರು ಮಾರಿದ ಮೈದುನನಿಗೆ

ಶೀಳನೆರೆ

ಚಲುವರಾಜುವಿಗೆ,

ಹಾಲಿನ ದುಡ್ಡಿನಲ್ಲಿ ನಾನು ಕೊಂಡಿದ್ದ ಚಿಪ್ ಕಂಪನಿಯ ಷೇರುಗಳ ಬೆಲೆ ಬಿದ್ದ ವಾರ, ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಎಲ್ಲರೂ ಹೆದರಿದರೆಂದು ನೀನೂ ಹೆದರಿದೆ. ನಾನು ಹಾಲು ಕರೆಯುತ್ತಿದ್ದಾಗ ನನ್ನ ಫೋನು ತೆಗೆದು, ಒಂದು ಮಾತೂ ಕೇಳದೆ ಅಷ್ಟನ್ನೂ ಮಾರಿದೆ. ಈಗ ಬೆಲೆ ದುಪ್ಪಟ್ಟಾಗಿದೆ. ನಿನ್ನೆ ಅದೇ ಹೋಟೆಲಿನಿಂದ ಫೋನು ಮಾಡಿ, "ಎಲ್ಲಾರೂ ತಗೋತಾವ್ರೆ, ನೀವ್ ಬಾಯ್ ಬುಟ್ಕೊಂಡ್ ಕುಂತಿದ್ದೀರಲ್ಲ ಅತ್ಗೆ, ಒಡವೆ ಅಡ ಇಟ್ಬುಡಿ" ಎಂದೆಯಲ್ಲ, ನಾಚಿಕೆಯಾಗಲಿಲ್ಲವೇ?

ಒಡವೆ ಇಡುವುದಿಲ್ಲ. ಇನ್ನು ನನ್ನ ಫೋನು ಮುಟ್ಟಬೇಡ. ಹಬ್ಬಕ್ಕೆ ಬಂದರೆ ಉಂಡು ಹೋಗು, ಕೊಟ್ಟಿಗೆಯ ಕಡೆ ಮಾತ್ರ ಕಾಲಿಡಬೇಡ. ನಮ್ಮ ಗಬ್ಬದ ಹಸು ಕರು ಹಾಕುವ ಮುನ್ನ ಹಾಲು ನಿಲ್ಲಿಸಿದೆ. ಅದನ್ನೂ ಮಾರಿಬಿಟ್ಟೀಯೆ.

ನಿನ್ನ ಅತ್ತಿಗೆ,
ಪುಟ್ಟತಾಯಮ್ಮ